ರತ್ನತ್ತೆಯ ಭಾನುವಾರಗಳು

ನಶ್ಯದ ಘಾಟು ಮೂಗಿಗೆ ಬಡಿದರೆ ಬೇರೆಯವರಿಗೆ ಯಾವುದೋ ಜಗಲಿಯ ಮೇಲೆ ಕೂತ ಮುದುಕರು ನೆನಪಾಗುತ್ತಾರೇನೋ. ನನಗೆ ನಮ್ಮ ರತ್ನತ್ತೆಯ ಕಾಲುಗಳು ನೆನಪಾಗುತ್ತವೆ. ಮೊನ್ನೆ ಮೈಸೂರಿನ ಅಗ್ರಹಾರದ ಒಂದು ಸಣ್ಣ ಅಂಗಡಿಯ ಮುಂದೆ ಹಾಯುವಾಗ ಆ ವಾಸನೆ ಬಂತು. ನಾಲ್ಕು ಹೆಜ್ಜೆ ಮುಂದೆ ಹೋದವಳು ಹಿಂದಕ್ಕೆ ಬಂದು, ಬೇಡದಿದ್ದರೂ ಒಂದು ಬೆಂಕಿಪೊಟ್ಟಣ ಕೊಂಡು, ಸುಮ್ಮನೆ ಅಲ್ಲೇ ನಿಂತೆ. ಶನಿವಾರ ಕೆಲಸ ಮುಗಿಸಿ ಬಂದವಳೇ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಮುಖಕ್ಕೆ ಹಚ್ಚುವ ಸ್ನೋದ ಹಳೆಯ ಬಾಟಲಿಗೆ ಬೇವಿನೆಣ್ಣೆ ಸುರಿದು, ಅದಕ್ಕೆ ನಶ್ಯ ಉದುರಿಸಿ, ಕಡ್ಡಿಯಿಂದ ಕದಡಿ, ಹದ ಸರಿಯಿದೆಯೇ ಎಂದು ತನ್ನ ಮೀನಖಂಡಕ್ಕೆ ಸವರಿ ನೋಡುತ್ತಿದ್ದಳು. ಕಾಡಿನ ಜಿಗಣೆಗೆ ಅದು ಅವಳ ಮದ್ದು. ಒಳಗೆ ನಡುಮನೆಯಲ್ಲಿ ಕೂತ ಅಜ್ಜಿ ಒಂದಾದ ಮೇಲೊಂದು ಸೀನುತ್ತ, "ಶುರುವಾಯ್ತು ಇವಳ ತಪಸ್ಸು" ಎನ್ನುತ್ತಿದ್ದರು. ಗಟ್ಟಿ ನರಗಳ, ಮುಳ್ಳು ಗೀರಿದ ಗೆರೆಗಳ, ಹಿಮ್ಮಡಿ ಒಡೆದ ಆ ಕಾಲುಗಳ ಪಕ್ಕ ಕೂತು ನಾನು ಒಂದೊಂದು ಗೀರಿನ ಮೇಲೂ ಬೆರಳಿಟ್ಟು, ಇದು ಯಾವ ಬೆಟ್ಟದ್ದು, ಇದು ಯಾವುದರದ್ದು ಎಂದು ಕೇಳುತ್ತಿದ್ದೆ.

ಅಗ್ರಹಾರದ ಒಂದು ಓಣಿಯಲ್ಲಿ ನಮ್ಮದು ಬಾಡಿಗೆ ಮನೆ. ರೈಲಿನ ಡಬ್ಬಿಯಂತೆ ಉದ್ದಕ್ಕೆ ಚಾಚಿಕೊಂಡ, ಒಂದರ ಹಿಂದೊಂದು ಬಾಗಿಲಿನ ಮನೆ. ತಲೆಬಾಗಿಲಲ್ಲಿ ನಿಂತರೆ ಹಿತ್ತಲ ದಾಸವಾಳದ ಗಿಡ ಕಾಣುತ್ತಿತ್ತು. ಅಪ್ಪಾಜಿಗೆ ಪಕ್ಕದ ರಸ್ತೆಯಲ್ಲಿ ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಅಂಗಡಿ. ಮನೆಯಲ್ಲಿ ಅಜ್ಜಿ, ಅಮ್ಮ, ನಾನು, ಮತ್ತೆ ಅಪ್ಪಾಜಿಯ ತಂಗಿ ರತ್ನತ್ತೆ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ದಿನಕ್ಕೆ ಎಂಟು ಗಂಟೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ವಿರಾಜಪೇಟೆ ಲೈನಿನಲ್ಲಿದೆ, ಮಾತಾಡಿ," "ಸಕಲೇಶಪುರ ಸಿಗ್ತಿಲ್ಲ, ಕಾಯ್ತೀರಾ?" ಎನ್ನುವುದೇ ಕೆಲಸ. ಕಿವಿಯೆಲ್ಲ ಬೆಟ್ಟದ ಊರುಗಳಲ್ಲಿ, ಮೈ ಮಾತ್ರ ಕುರ್ಚಿಯಲ್ಲಿ. ಮನೆಗೆ ಬಂದರೂ ಅವಳಿಗೆ ಕೂರಲು ಆಗುತ್ತಿರಲಿಲ್ಲ. ತಲೆಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ತಲೆಬಾಗಿಲಿಗೆ, ಕಾಫಿ ಲೋಟ ಹಿಡಿದೇ ತಿರುಗುತ್ತಿದ್ದಳು. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟವಳೆ ಕಣಮ್ಮ ಇವಳು," ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದರು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬೇಕು. ಅವರು ಮನೆಯಲ್ಲಿದ್ದಾಗ ಎಲ್ಲರಿಗೂ ತಳಮಳ, ಅವರು ಹೊರಗೆ ಹೋದರೆ ಮನೆಗೇ ಜೀವ ಇಲ್ಲ.

ಭಾನುವಾರ ಬಂದರೆ ಅತ್ತೆ ಬೆಟ್ಟಕ್ಕೆ. ಎಕ್ಸ್‌ಚೇಂಜಿನ ಇಬ್ಬರು ಗೆಳತಿಯರು, ಅವರನ್ನೆಲ್ಲ ನಡೆಸಿಕೊಂಡು ಹೋಗುವುದಕ್ಕೆ ನಿವೃತ್ತರಾದ ಪಿ.ಟಿ. ಮೇಷ್ಟ್ರು, ಇಷ್ಟೇ ಗುಂಪು. ಕೊಡಗಿನ ಕಡೆ ಹೋಗುವುದಾದರೆ ಶನಿವಾರವೇ ಹೊರಟು ಯಾವುದಾದರೂ ಶಾಲೆಯ ಜಗಲಿಯಲ್ಲಿ ಮಲಗುತ್ತಿದ್ದರು. ಚೂಡಿದಾರ್, ಬಿಳಿ ಕ್ಯಾನ್ವಾಸ್ ಶೂ, ಹೆಗಲಿಗೆ ಅಪ್ಪಾಜಿಯೇ ಬೈಂಡಿಂಗ್ ಬಟ್ಟೆಯಲ್ಲಿ ಹೊಲಿದುಕೊಟ್ಟ ಚೀಲ. ಮೂವತ್ತು ದಾಟಿದ, ಮದುವೆಯಾಗದ ಹೆಣ್ಣು ಹಾಗೆ ಓಣಿ ದಾಟಿಹೋಗುವಾಗ ಎದುರು ಮನೆಯ ಕಿಟಕಿಗಳು ತೆರೆದುಕೊಳ್ಳುತ್ತಿದ್ದುದು ನನಗೂ ತಿಳಿಯುತ್ತಿತ್ತು. ಅತ್ತೆ ಮಾತ್ರ ಅತ್ತಿತ್ತ ನೋಡುತ್ತಿರಲಿಲ್ಲ. ಹಿಂದಿರುಗಿದಾಗ ಅವಳ ಚೀಲದಲ್ಲಿ ನನ್ನ ಪಾಲಿಗೆ ಏನಾದರೂ ಇರುತ್ತಿತ್ತು: ಮುಳ್ಳುಹಂದಿಯ ಮುಳ್ಳು, ಯಾವುದೋ ಮರದ ರೆಕ್ಕೆಯಿರುವ ಬೀಜ, ಒಮ್ಮೆ ಒಂದು ಹಿಡಿ ಕರಿ ಮಣ್ಣು. "ಮೂಸಿ ನೋಡೇ," ಎಂದಳು. ನಾನು ಮೂಸಿದೆ. ಆ ವಾರವೆಲ್ಲ ನನಗೆ ಸ್ಕೂಲಿನಲ್ಲಿ ಬೆಂಚಿನ ಮೇಲೆ ಕೂರಲಾಗಲಿಲ್ಲ. ನನ್ನನ್ನೂ ಕರೆದುಕೊಂಡು ಹೋಗು ಎಂದು ಪೀಡಿಸಿದಾಗಲೆಲ್ಲ, "ಹತ್ತು ತುಂಬಲಿ, ಮಂಗೂ," ಎನ್ನುತ್ತಿದ್ದಳು.

ನನಗೆ ಹತ್ತು ತುಂಬಿದ ವರ್ಷವೇ ಆ ಸಂಬಂಧ ಬಂತು. ಅದಕ್ಕೂ ಮೊದಲು ಎಷ್ಟೋ ಗಂಡುಗಳು ಬಂದು ಉಪ್ಪಿಟ್ಟು ತಿಂದು ಹೋಗಿದ್ದರು. ಅತ್ತೆ ಪ್ರತಿಯೊಬ್ಬರಿಗೂ ತಾನು ಭಾನುವಾರ ಬೆಟ್ಟ ಹತ್ತುವವಳು ಎಂದು ಮೊದಲೇ ಹೇಳಿಬಿಡುತ್ತಿದ್ದಳು. ಆಮೇಲೆ ಅವರ ಕಡೆಯಿಂದ ಕಾಗದ ಬರುತ್ತಿರಲಿಲ್ಲ. ಈತ ಚಾಮರಾಜನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಮೇಷ್ಟ್ರು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅತ್ತೆ ಎಂದಿನ ಮಾತು ಹೇಳಿದಾಗ ಆತ ನಕ್ಕು, "ನನ್ನನ್ನೂ ಸೇರಿಸ್ಕೊಳ್ತೀರಾ? ನಿಧಾನಕ್ಕೆ ಹತ್ತೋನು ನಾನು," ಎಂದರು. ಬಾಗಿಲ ಹಿಂದೆ ನಿಂತಿದ್ದ ನಾನು ಅತ್ತೆಯ ಮುಖ ನೋಡಿದೆ. ಅಂದು ಸಂಜೆ ಅವಳು ಕಾಫಿ ಲೋಟ ಹಿಡಿದು ಮೊದಲ ಸಲ ಕೂತೇ ಕುಡಿದಳು. ಕಡೆಯ ಕಾರ್ತಿಕ ಸೋಮವಾರ ಬೆಳಿಗ್ಗೆ ಅವರ ಸೋದರಮಾವ, ಇನ್ನಿಬ್ಬರು ಹಿರಿಯರು ಬಂದು ಒಪ್ಪಿಗೆ ಮಾತು ಮುಗಿಸಿ ಹೋಗುವುದು ಎಂದು ಗೊತ್ತಾಯಿತು. ಮನೆಗೆಲ್ಲ ಹಬ್ಬ. ನನಗೊಬ್ಬಳಿಗೆ ಮಾತ್ರ ಆ ಹಬ್ಬ ಬೇಡವಾಗಿತ್ತು. ರಾತ್ರಿ ಅವಳ ಪಕ್ಕ ಮಲಗುತ್ತಿದ್ದವಳು ನಾನು.

ಆ ಸೋಮವಾರಕ್ಕೆ ಮುಂಚಿನ ಭಾನುವಾರ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಲು ಅತ್ತೆ ಶನಿವಾರವೇ ಹೊರಟಳು. ಅಜ್ಜಿ ಕೂಗಾಡಿದರು. "ನಾಡಿದ್ದು ಬೀಗರು ಬರೋರವ್ರೆ, ನಾಳೆ ಕಾಡಿಗೋಗಿ ಮುಖ ಕರ್ರಗೆ ಮಾಡ್ಕೊಂಡು ಬರ್ತೀಯಾ?" ಅತ್ತೆ ಅವರ ಪಕ್ಕ ಕೂತು, "ಅವ್ವ, ಇದೊಂದು ಭಾನುವಾರ ಬಿಟ್ಬುಡಿ. ನಾಳೆ ರಾತ್ರಿ ಒಂಬತ್ತಕ್ಕೆಲ್ಲ ಮನೇಲಿರ್ತೀನಿ. ಮಂಗೂಗೆ ಮಾತು ಕೊಟ್ಟಿದ್ದೀನಿ, ಇನ್ಯಾವಾಗ ಕರ್ಕೊಂಡೋಗ್ಲಿ?" ಎಂದಳು. ಅಪ್ಪಾಜಿ, "ಹೋಗ್ಬರಲಿ ಬಿಡವ್ವ," ಎಂದರು. ಹಾಗೆ ಅತ್ತೆಯ ಗುಂಪಿನ ಜೊತೆ ನಾನೂ ಹೊರಟೆ. ನನ್ನ ಕಾಲಿಗೂ ಬೇವಿನೆಣ್ಣೆ, ನಶ್ಯ. ಬಸ್ಸಿನ ಕಿಟಕಿಯಲ್ಲಿ ಹುಣಸೂರು ಹೋಯಿತು, ಗೋಣಿಕೊಪ್ಪ ಹೋಯಿತು. ವಿರಾಜಪೇಟೆಯಲ್ಲಿ ಬಸ್ಸು ಬದಲಾಯಿಸಿ ಕಕ್ಕಬ್ಬೆಯ ಕಡೆ ಹೋಗುವಾಗ ರಸ್ತೆ ಎಡಕ್ಕೂ ಬಲಕ್ಕೂ ತೊನೆಯತೊಡಗಿತು. ಅತ್ತೆ ನನ್ನ ಕೈಗೆ ನಿಂಬೆಹಣ್ಣು ಕೊಟ್ಟು, "ಮುಂದೆ ನೋಡು, ಪಕ್ಕಕ್ಕೆ ನೋಡ್ಬೇಡ," ಎಂದಳು.

ರಾತ್ರಿ ಒಂದು ಶಾಲೆಯ ಜಗಲಿಯಲ್ಲಿ ಮಲಗಿ, ಭಾನುವಾರ ಬೆಳಿಗ್ಗೆ ನಾಲ್ಕುನಾಡು ಅರಮನೆಯ ಹತ್ತಿರದಿಂದ ಹತ್ತತೊಡಗಿದೆವು. ಮೊದಲು ಕಾಫಿ ತೋಟಗಳ ನಡುವಿನ ಜೀಪಿನ ದಾರಿ, ಒಂದು ತೊರೆ, ಆಮೇಲೆ ಒಬ್ಬರ ಹಿಂದೊಬ್ಬರು ನಡೆಯುವ ಕಾಲುದಾರಿ. ಅತ್ತೆ ನಡೆಯುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ ಎಂದೇ ಹೇಳಬೇಕು. ಮನೆಯಲ್ಲಿ ಚಡಪಡಿಸುತ್ತಿದ್ದವಳು ಅಲ್ಲಿ ಬೇರೆಯೇ ಆಗಿದ್ದಳು. ಆತುರವಿಲ್ಲ, ಏದುಸಿರಿಲ್ಲ, ಒಂದೇ ಸಮ ಹೆಜ್ಜೆ. ಮೇಲೆ, ಬೆಟ್ಟದ ಮಡಿಲಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡಿನೊಳಗೆ ಹೊಕ್ಕಾಗ ಬೆಳಕು ಹಸಿರಾಗಿ, ತಣ್ಣಗಾಗಿ, ಕೊಳೆತ ಎಲೆಯ ವಾಸನೆ ಮುಖಕ್ಕೆ ಹೊಡೆಯಿತು. ಬೇರುಗಳೇ ಮೆಟ್ಟಿಲು. ನಾನು ಜಿಗಣೆ ಕಂಡು ಕಿರುಚಿದರೆ ಪಿ.ಟಿ. ಮೇಷ್ಟ್ರು ಹಿಂದಿನಿಂದ, "ಹೆದರ್ಬೇಡಮ್ಮ, ಅದಕ್ಕೂ ಹಸಿವಾಗಿರತ್ತೆ," ಎಂದರು. ಕಾಡು ಮುಗಿದು ಹುಲ್ಲುಗಾವಲು ಬಂದಾಗ ಗಾಳಿ ನಮ್ಮನ್ನು ಹಿಂದಕ್ಕೆ ತಳ್ಳಿತು. ತುದಿಯಲ್ಲಿ ನಿಂತರೆ ಬೆಟ್ಟಗಳ ಹಿಂದೆ ಬೆಟ್ಟ, ನೀಲಿಯ ಹಿಂದೆ ನೀಲಿ. ಅಷ್ಟೆಲ್ಲ ದೊಡ್ಡದನ್ನು ನೋಡಿ ಸಂತೋಷವಾಗಬೇಕಿತ್ತು. ನನಗೆ ಇನ್ನೂ ಮುಂದಕ್ಕೆ, ಆ ಕೊನೆಯ ನೀಲಿಯವರೆಗೂ ಈಗಲೇ ಓಡಿಹೋಗಬೇಕು ಅನ್ನಿಸಿತು. ಅತ್ತೆ ನನ್ನ ಹೆಗಲು ಹಿಡಿದು ಪೂರ್ವಕ್ಕೆ ತಿರುಗಿಸಿದಳು. "ಆ ಕಡೆ ಮೈಸೂರು. ಅದಕ್ಕಿನ್ನೂ ಆಚೆ ಚಾಮರಾಜನಗರ. ಮುಂದಿನ ವರ್ಷ ನಾನು ಅಲ್ಲಿರ್ತೀನಿ. ರಜಕ್ಕೆ ಬರ್ತೀಯಲ್ಲ?" ಅವಳ ದನಿಯಲ್ಲಿ ನಾನು ಎಂದೂ ಕೇಳಿರದ ಒಂದು ಮೆತ್ತಗಿನ ಸ್ವರ ಇತ್ತು. ನಾನು ಮತ್ತೆ ಆ ಕೊನೆಯ ನೀಲಿಯ ಕಡೆಗೇ ತಿರುಗಿದೆ.

ಇಳಿಯುವಾಗ, ಶೋಲಾ ಕಾಡಿನಲ್ಲಿ, ಒದ್ದೆ ಬೇರಿನ ಮೇಲೆ ಕಾಲಿಟ್ಟು ಜಾರಿ ಬಿದ್ದೆ. ನಿಜವಾಗಿಯೂ ಬಿದ್ದೆ, ಅದು ಸುಳ್ಳಲ್ಲ. ಕೂತಂತೆ ಬಿದ್ದೆ, ಪೆಟ್ಟೇನೂ ಆಗಲಿಲ್ಲ. ಮುಂದಿದ್ದ ಅತ್ತೆ ಓಡಿ ಬಂದು ಮಂಡಿಯೂರಿ, "ಕಾಲು ಉಳುಕ್ತಾ?" ಎಂದು ಕೇಳಿದಳು. ಅವಳು ಹಾಗೆ ಕೇಳದೇ ಇದ್ದಿದ್ದರೆ ನನಗೆ ಆ ಯೋಚನೆ ಬರುತ್ತಿರಲಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹೂಂ ಎಂದೆ. ಅಂದಮೇಲೆ ಅಳತೊಡಗಿದೆ. ಅಳು ನಿಜವಾದದ್ದು, ಕಾರಣ ಮಾತ್ರ ಬೇರೆ. ಅವಳು ತನ್ನ ದುಪಟ್ಟಾ ಸೀಳಿ ನನ್ನ ಬಲಗಾಲಿಗೆ ಬಿಗಿಯಾಗಿ ಸುತ್ತಿದಳು. ನಿಲ್ಲಿಸಿ ನೋಡಿದಳು, ನಾನು ನಿಲ್ಲಲಿಲ್ಲ. ಕೆಳಗೆ ಬಸ್ಸು ನಿಲ್ಲುವ ಕೈಕಂಬಕ್ಕೆ ಬರುವ ನಾಲ್ಕು ಗಂಟೆಯ ಬಸ್ಸೇ ಕೊನೆಯದು. ಮೇಷ್ಟ್ರು, "ನಾನು ಹೊರ್ತೀನಿ ಕೊಡಮ್ಮ," ಎಂದರು. ಅರವತ್ತು ದಾಟಿದ, ಹರ್ನಿಯಾ ಆಪರೇಷನ್ ಆಗಿದ್ದ ಅವರಿಗೆ ಅತ್ತೆ ಕೊಡಲಿಲ್ಲ. ನನ್ನನ್ನು ಬೆನ್ನಿಗೆ ಹಾಕಿಕೊಂಡು ಎದ್ದಳು.

ಆ ಇಳಿದಾರಿ ನನ್ನ ಮೈಯಲ್ಲಿ ಇವತ್ತಿಗೂ ಇದೆ. ನನ್ನ ಕೆನ್ನೆ ಅವಳ ಕುತ್ತಿಗೆಗೆ, ಅವಳ ಬೆವರು ನನ್ನ ತುಟಿಗೆ. ಅವಳ ಎದೆ ಹೊಡೆದುಕೊಳ್ಳುವುದು ನನ್ನ ಹೊಟ್ಟೆಗೆ ಕೇಳಿಸುತ್ತಿತ್ತು. ನೂರು ಹೆಜ್ಜೆಗೊಮ್ಮೆ ಯಾವುದಾದರೂ ಬಂಡೆಗೆ ನನ್ನನ್ನು ಒರಗಿಸಿ ಉಸಿರು ತೆಗೆದುಕೊಳ್ಳುವಳು, ಕೈಗಡಿಯಾರ ನೋಡುವಳು, ಮತ್ತೆ ಎತ್ತಿಕೊಳ್ಳುವಳು. ಅರಮನೆ ಕಾಣುವ ಹೊತ್ತಿಗೆ ಉಳಿದವರನ್ನು, "ನೀವು ಮುಂದೆ ಹೋಗಿ ಬಸ್ಸು ನಿಲ್ಲಿಸ್ಕೊಳ್ಳಿ. ನಾನು ಬರದೆ ಇದ್ರೆ ಮನೆಗೆ ಸುದ್ದಿ ಮುಟ್ಟಿಸಿ," ಎಂದು ಕಳಿಸಿದಳು. ಆಮೇಲೆ ಡಾಂಬರು ರಸ್ತೆ. ಭಾನುವಾರ, ಒಂದು ಜೀಪೂ ಬರಲಿಲ್ಲ. "ಆ ಬಸ್ಸೊಂದು ಸಿಕ್ಬುಟ್ರೆ ಸಾಕು, ಬಸ್ಸೊಂದು ಸಿಕ್ಬುಟ್ರೆ ಸಾಕು," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಆಗ ನನಗೆ ತಿಳಿಯಿತು, ಅವಳಿಗೆ ಆ ಸೋಮವಾರ ಬೇಕಾಗಿದೆ ಎಂದು. ಎಲ್ಲರ ಬಲವಂತಕ್ಕೆ ಹೂಂ ಅಂದಿದ್ದಾಳೆ ಅಂದುಕೊಂಡಿದ್ದೆ ನಾನು. ಇಳಿಸು, ನಡೀತೀನಿ ಅನ್ನಬೇಕಿತ್ತು. ಈಗ ಹೇಳಿದರೆ ಇಷ್ಟು ಹೊತ್ತು ಹೊತ್ತದ್ದಕ್ಕೆ ಏನು ಹೇಳಲಿ ಎಂಬ ಭಯ. ತಿರುವಿನಾಚೆ ಬಸ್ಸಿನ ಹಾರ್ನ್ ಕೇಳಿಸಿತು. ಅತ್ತೆ ನನ್ನನ್ನು ಹೊತ್ತುಕೊಂಡೇ ಓಡಿದಳು. ಚೀಲ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. ನಾವು ತಿರುವು ದಾಟಿದಾಗ ರಸ್ತೆಯ ಮೇಲೆ ಧೂಳು ಇನ್ನೂ ಕೂತಿರಲಿಲ್ಲ. ಮೇಷ್ಟ್ರು ಡ್ರೈವರನ ಕೈಕಾಲು ಹಿಡಿದು ಹತ್ತು ನಿಮಿಷ ನಿಲ್ಲಿಸಿಕೊಂಡಿದ್ದರಂತೆ. ಅತ್ತೆ ನನ್ನನ್ನು ಮೋರಿಯ ಕಟ್ಟೆಯ ಮೇಲೆ ಕೂರಿಸಿ, ಬಸ್ಸು ಹೋದ ಕಡೆಗೇ ಒಂದಿಷ್ಟು ಹೊತ್ತು ನೋಡಿ, ಆಮೇಲೆ ನನ್ನ ಕಡೆ ತಿರುಗಿ, "ತುಂಬಾ ನೋಯ್ತಿದ್ಯೇನೇ?" ಎಂದಳು.

ರಾತ್ರಿ ಅಲ್ಲಿನ ಅಂಗಡಿಯವರ ಮನೆಯಲ್ಲಿ ಉಳಿದು, ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಅಗ್ರಹಾರ ಮುಟ್ಟಿದೆವು. ತಲೆಬಾಗಿಲ ಮುಂದಿನ ದೊಡ್ಡ ರಂಗೋಲಿಯ ಮೇಲೆ ಚಪ್ಪಲಿಯ ಗುರುತು. ನಡುಮನೆಯಲ್ಲಿ ಹಾಸಿದ ಜಮಖಾನ ಹಾಗೇ ಇತ್ತು, ತಟ್ಟೆಯ ಎಲೆ ಅಡಿಕೆ ಬಾಳೆಹಣ್ಣು ಹಾಗೇ ಇತ್ತು. ಪಿ.ಟಿ. ಮೇಷ್ಟ್ರು ಮುಟ್ಟಿಸಿದ ಸುದ್ದಿ ಹೇಳಿದರೂ, ಬಂದವರು ಒಂದು ಗಂಟೆ ಕಾದು, ಕಾಫಿಯನ್ನೂ ಮುಟ್ಟದೆ ಎದ್ದರಂತೆ. "ಒಪ್ಪಿಗೆಗೆ ಮುಂಚೇನೇ ಹೀಗೆ, ಇನ್ನು ಮನೆ ಸೇರಿದ ಮೇಲೆ ಹೆಂಗೋ," ಎಂದು ಸೋದರಮಾವ ಹೇಳಿದರೆಂದು ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದಳು. ಅಪ್ಪಾಜಿ ಅಂಗಡಿಗೆ ಹೊರಟುಹೋದರು. ಅಜ್ಜಿ ಮಾತ್ರ ಕಂಬಕ್ಕೆ ಒರಗಿ ಕೂತಲ್ಲಿಂದಲೇ, "ಆ ಬೆಟ್ಟಾನೇ ಮದುವೆ ಆಗ್ಬುಡು ಹೋಗು," ಎಂದರು. ಅತ್ತೆ ನನ್ನ ಮೇಲೆ ಹೊರೆ ಹಾಕಲಿಲ್ಲ. "ತಪ್ಪು ನಂದೇ ಅವ್ವ. ಮಗೂನ ಕರ್ಕೊಂಡೋಗ್ಬಾರದಿತ್ತು," ಎಂದಳು. ಅದೇ ಅಜ್ಜಿ ನಾಲ್ಕು ದಿನ ಹರಳೆಲೆ ಬಿಸಿ ಮಾಡಿ ನನ್ನ ಕಾಲಿಗೆ ಕಟ್ಟಿದರು. ನಾನು ನಾಲ್ಕು ದಿನವೂ ಕುಂಟಿದೆ. ಬಿಸಿ ಎಲೆ ಚರ್ಮಕ್ಕೆ ತಾಗಿದಾಗಲೆಲ್ಲ ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು, ಕುಂಟುವವಳು ಓಡುವಂತಿರಲಿಲ್ಲ.

ಮತ್ತೆ ಯಾವ ಸಂಬಂಧವೂ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಅತ್ತೆ ಮತ್ತೆ ಬೆಟ್ಟಕ್ಕೆ ಹೊರಟಳು, ಮುಂದಿನ ಹತ್ತು ವರ್ಷ ನಾನೂ ಅವಳ ಜೊತೆ ಹೋದೆ. ಪುಷ್ಪಗಿರಿ, ಬಿಳಿಗಿರಿರಂಗನ ಬೆಟ್ಟ, ಹೆಸರಿಲ್ಲದ ಎಷ್ಟೋ ಗುಡ್ಡಗಳು. ಹೊರಗಿನಿಂದ ನೋಡಿದರೆ ನನ್ನ ಬಾಲ್ಯದ ಅತ್ಯಂತ ಸುಖದ ದಿನಗಳು. ಆದರೆ ಪ್ರತಿ ಇಳಿದಾರಿಯಲ್ಲೂ ನನ್ನ ಬಾಯಿಯ ತುದಿಗೆ ಆ ಮಾತು ಬಂದು ನಿಲ್ಲುತ್ತಿತ್ತು. ಅಜ್ಜಿ ತೀರಿಕೊಂಡರು. ಟ್ರಂಕ್ ಕಾಲ್ ಕಾಯುವವರು ಇಲ್ಲವಾಗಿ ಅತ್ತೆಯನ್ನು ಬಿಲ್ಲು ಕಟ್ಟುವ ಕೌಂಟರಿಗೆ ಹಾಕಿದರು. ಮನೆಯ ಯಜಮಾನರ ಮಕ್ಕಳು ಮನೆ ಮಾರಿದರು, ನಾವು ಸರಸ್ವತಿಪುರಂನ ಒಂದು ಮಹಡಿ ಮನೆಗೆ ಹೋದೆವು. ಖಾಲಿ ಮಾಡುವ ದಿನ ಆ ಉದ್ದದ ಮನೆಯಲ್ಲಿ ಎಲ್ಲ ಬಾಗಿಲೂ ತೆರೆದಿದ್ದವು. ಅತ್ತೆ ತಲೆಬಾಗಿಲಿನಿಂದ ಹಿತ್ತಲಿಗೆ ಎರಡು ಸಲ ನಡೆದು, "ಅರವತ್ತೆರಡು ಹೆಜ್ಜೆ ಕಣೇ," ಎಂದಳು. ಈಗ ಅಲ್ಲಿ ಮೂರಂತಸ್ತಿನ ಅಂಗಡಿ ಸಾಲು. ಹೊಸ ಮನೆಯಲ್ಲಿ ತಿರುಗಾಡಲು ಜಾಗವಿರಲಿಲ್ಲ, ಅವಳು ಟೆರೇಸಿನ ಮೇಲೆ ಸುತ್ತುತ್ತಿದ್ದಳು.

ನನಗೆ ಇಪ್ಪತ್ತೊಂದಾಗಿದ್ದಾಗ, ಒಂದು ಅವರೆಕಾಯಿ ಕಾಲದ ಮಧ್ಯಾಹ್ನ, ಅದೇ ಟೆರೇಸಿನಲ್ಲಿ ಇಬ್ಬರೂ ನೆನೆಸಿದ ಅವರೆಕಾಳು ಹಿಚುಕುತ್ತ ಕೂತಿದ್ದಾಗ ಹೇಳಿಬಿಟ್ಟೆ. "ಅತ್ತೆ, ಅವತ್ತು ನನ್ನ ಕಾಲು ಉಳುಕಿರಲಿಲ್ಲ."

"ಯಾವತ್ತು?"

"ತಡಿಯಂಡಮೋಳಿನಲ್ಲಿ. ನೀನು ಹೋಗ್ಬಿಡ್ತೀಯ ಅಂತ ಸುಳ್ಳು ಹೇಳಿದ್ದೆ."

ಅವಳ ಬೆರಳುಗಳು ಇನ್ನೂ ಎರಡು ಕಾಳು ಹಿಚುಕಿ ನಿಂತವು. ನಗುತ್ತಾಳೆ ಅಂದುಕೊಂಡಿದ್ದೆ. ಅಥವಾ, ನನಗೆ ಗೊತ್ತಿತ್ತು ಬಿಡೇ ಎಂದು ತಲೆ ನೇವರಿಸುತ್ತಾಳೆ ಎಂದು. ಅವಳಿಗೆ ಗೊತ್ತಿರಲಿಲ್ಲ. "ಅವ್ವ ಸಾಯೋವರೆಗೂ ನನ್ನ ಜೊತೆ ನೆಟ್ಟಗೆ ಮಾತಾಡ್ಲಿಲ್ಲ," ಎಂದಳು ಕೊನೆಗೆ. "ಅವ್ವ ಇದ್ದಾಗಲಾದ್ರೂ ಹೇಳ್ಬೋದಿತ್ತಲ್ಲೇ ಮಂಗೂ." ಬಟ್ಟಲು ಅಲ್ಲೇ ಬಿಟ್ಟು ಕೆಳಗೆ ಹೋದಳು. ಆ ತಿಂಗಳೆಲ್ಲ ಅವಳು ನನ್ನೊಡನೆ ಊಟಕ್ಕೆ ಬಾ, ಬಾಗಿಲು ಹಾಕು, ಇಷ್ಟೇ ಮಾತಾಡಿದ್ದು. ಎರಡು ಭಾನುವಾರ ಒಬ್ಬಳೇ ಹೋದಳು. ಶೂ ಕಟ್ಟಿಕೊಳ್ಳುವ ಸದ್ದಿಗೆ ಎಚ್ಚರವಾಗಿ, ಹಾಸಿಗೆಯಲ್ಲಿ ಮಲಗಿ ಬಾಗಿಲು ಮುಚ್ಚುವುದನ್ನು ಕೇಳುತ್ತಿದ್ದೆ.

ಒಂದು ಸಂಜೆ ತಾನಾಗಿಯೇ ಬಂದು ನನ್ನ ಮಂಚದ ತುದಿಗೆ ಕೂತಳು. ಆ ಸೋಮವಾರವಾದ ಎರಡು ವಾರಕ್ಕೆ ಎಕ್ಸ್‌ಚೇಂಜಿನಿಂದ ಚಾಮರಾಜನಗರದ ಆತನ ಕಾಲೇಜಿಗೆ ತಾನೇ ಕಾಲ್ ಹಾಕಿದ್ದಳಂತೆ. "ಮಾವನ ಮಾತು ಮೀರೋಕಾಗಲ್ಲ ರೀ ಅಂದ್ರು. ಪಾಪ, ದನಿ ನಡುಗ್ತಿತ್ತು. ಮೂರು ನಿಮಿಷ ಆಯ್ತು ಸರ್ ಅಂತ, ಎಲ್ಲರಿಗೂ ಹೇಳೋ ಹಾಗೆ, ನಾನೇ ಹೇಳಿ ಲೈನ್ ತೆಗೆದೆ." ಎದ್ದು ಕಿಟಕಿಯವರೆಗೆ ಹೋಗಿ ಬಂದು, "ಇಷ್ಟು ವರ್ಷದಲ್ಲಿ ನಂಗೆ ಆ ಮದುವೆ ಬೇಕಿತ್ತಾ ಅಂತ ಯಾರೂ ಕೇಳ್ಲಿಲ್ಲ," ಎಂದಳು.

"ಬೇಕಿತ್ತಾ?"

"ಬೇಕಿತ್ತು ಕಣೇ."

ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ಭಾನುವಾರ ನಾನು ಎದ್ದು ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಬೇಡ ಎನ್ನಲಿಲ್ಲ ಅವಳು. ಮೊದಲಿನಂತೆ ಹರಟೆ ಇರಲಿಲ್ಲ, ಆದರೆ ನನ್ನ ಬಾಯಿಯ ತುದಿಯಲ್ಲಿ ಏನೂ ಇರಲಿಲ್ಲ. ಹಾಗೆ ನಡೆದ ಮೂರು ನಾಲ್ಕು ವರ್ಷಗಳೇ ಅವಳ ಜೊತೆ ನಾನು ನಿಜವಾಗಿ ನಡೆದ ವರ್ಷಗಳು ಎಂದು ಈಗ ಅನ್ನಿಸುತ್ತದೆ. ಅಷ್ಟರಲ್ಲಿ ದಾರಿಗಳೂ ಬದಲಾಗುತ್ತಿದ್ದವು. ಅರಣ್ಯ ಇಲಾಖೆಯ ಚೀಟಿ ಬೇಕು, ಅವರ ಕಾವಲಿನವರು ಜೊತೆಗೆ ಬರಬೇಕು. ಪಿ.ಟಿ. ಮೇಷ್ಟ್ರು ಇರಲಿಲ್ಲ, ಗೆಳತಿಯರಿಗೆ ಮಂಡಿ ನೋವು. ಅತ್ತೆ ಐವತ್ತು ತುಂಬುವ ಮೊದಲೇ ಹೋದಳು. ರಕ್ತದಲ್ಲಿ ಏನೋ ಇದೆ ಎಂದರು, ತಿಳಿದ ಮೇಲೆ ಐದು ತಿಂಗಳು. ಆಸ್ಪತ್ರೆಯ ಮಂಚದ ಮೇಲೂ ಅವಳ ಪಾದಗಳು ಹೊದಿಕೆಯೊಳಗೆ ಆಡುತ್ತಲೇ ಇದ್ದವು.

ಕಾಯಿಲೆ ಗೊತ್ತಾಗುವ ಮುಂಚಿನ ಚಳಿಗಾಲದಲ್ಲಿ ನಾವಿಬ್ಬರೂ ಇರ್ಪು ಜಲಪಾತದ ಕಡೆಯಿಂದ ಬ್ರಹ್ಮಗಿರಿ ಹತ್ತಿದೆವು. ಕಾವಲಿನವನು ಬಹಳ ಮುಂದೆ ಹೋಗಿದ್ದ. ಅಲ್ಲಿಯವರೆಗೆ ಎಲ್ಲ ಬೆಟ್ಟದಲ್ಲೂ ಅವಳು ಮುಂದೆ, ನಾನು ಹಿಂದೆ. ಅವತ್ತು ಕಾಡು ಮುಗಿಯುವಲ್ಲಿ ಅವಳು ದಾರಿಯ ಪಕ್ಕಕ್ಕೆ ಸರಿದು, "ನೀನು ಮುಂದೆ ಹೋಗು," ಎಂದಳು. ಅವಳ ತುಟಿ ಬಿಳಿಚಿತ್ತು. ಇಪ್ಪತ್ತು ಹೆಜ್ಜೆ ಹೋಗಿ ನಿಂತು, ಇಲ್ಲಿಂದಲೇ ಹಿಂದಿರುಗೋಣವೇ ಎಂದು ಕೇಳಿದೆ. "ನಿಲ್ಬೇಡ, ನಡಿ," ಎಂದಳು. "ನೀನು ನಿಂತ್ರೆ ನಾನು ಕೂತ್ಬುಡ್ತೀನಿ." ನಾನು ನಡೆದೆ. ಹುಲ್ಲು ಸೊಂಟದವರೆಗೆ ಬೆಳೆದಿತ್ತು, ಗಾಳಿ ಬೀಸಿದಾಗ ದಾರಿ ಮುಚ್ಚಿ ತೆರೆಯುತ್ತಿತ್ತು. ಹಿಂದೆ ಅವಳ ಹೆಜ್ಜೆ, ಸ್ವಲ್ಪ ಎಳೆದು ಇಡುವ ಹೆಜ್ಜೆ, ಹುಲ್ಲಿಗೆ ತಾಗುತ್ತ ಬರುತ್ತಿತ್ತು. ಅದು ನಿಧಾನವಾದರೆ ನಾನೂ ನಿಧಾನ ಮಾಡಿದೆ, ಅವಳಿಗೆ ತಿಳಿಯದ ಹಾಗೆ. ಆ ಸದ್ದು ಕೇಳಿಸುತ್ತಿರುವವರೆಗೂ ನಾನು ತಿರುಗಿ ನೋಡಲಿಲ್ಲ.